ಚಮಚಕ್ಕೂ ಕಡಿಮೆ ಜಾಗ

ಇದನ್ನು ಹೇಳುವುದನ್ನು ನಾನು ಬಹಳ ಕಾಲದಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಮೊದಲು ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಎಂದುಕೊಂಡೆ. ಪೊರೆಯೂ ಹೋಯಿತು, ಈಗ ಅಕ್ಷರ ಚೆನ್ನಾಗಿಯೇ ಕಾಣುತ್ತದೆ. ಹೋದ ತಿಂಗಳು ಗೌರಿಬಿದನೂರಿನಿಂದ ಲ್ಯಾಬ್ ಮೇಡಂ ಅವರ ತಂಗಿ ಫೋನ್ ಮಾಡಿ, "ಅಕ್ಕ ಹೋಗ್ಬಿಟ್ರು ಆಚಾರ್ರೆ" ಎಂದರು. ಇನ್ನು ನನ್ನ ಹತ್ತಿರ ನೆಪ ಯಾವುದೂ ಉಳಿದಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆಮೇಲಿನ ಬದುಕೆಲ್ಲ ಚಿಂತಾಮಣಿಯ ಒಂದು ಲೇತ್ ಅಂಗಡಿಯಲ್ಲಿ ಕಳೆಯಿತು. ಬೋರ್‌ವೆಲ್ ಮೋಟರಿನ ಶಾಫ್ಟು, ಟ್ರ್ಯಾಕ್ಟರಿನ ಬುಷ್ಷು, ಶಿಡ್ಲಘಟ್ಟದ ರೇಷ್ಮೆ ನೂಲಿನವರ ಯಂತ್ರದ ಸಣ್ಣಪುಟ್ಟ ಭಾಗಗಳು, ಇಂಥವನ್ನು ತಿರುವಿ ಕೊಡುವುದು ನನ್ನ ಕೆಲಸ. ನನ್ನ ಅಂಗಡಿಯ ಎದುರಿಗೆ, ರಸ್ತೆಯ ಆಚೆ, ಅವರ ರಕ್ತ ಪರೀಕ್ಷೆಯ ಲ್ಯಾಬು. ಊರಿನವರೆಲ್ಲ ಅವರನ್ನು ಲ್ಯಾಬ್ ಮೇಡಂ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಎತ್ತರದ, ಸಣಕಲು ಹೆಂಗಸು. ಹತ್ತಿ ಸೀರೆ, ಮೇಲೆ ಬಿಳಿ ಕೋಟು, ಕಾಲಿಗೆ ಓಟದ ಶೂ. ಕೋಟಿನ ಒಂದು ಜೇಬಲ್ಲಿ ಹತ್ತಿಯ ಉಂಡೆ ಇದ್ದರೆ ಇನ್ನೊಂದರಲ್ಲಿ ಯಾವುದಾದರೂ ನಟ್ಟು, ಸ್ಪ್ರಿಂಗು, ಹರಿದ ವಾಷರು ಇರುತ್ತಿತ್ತು. ರಸ್ತೆಯಲ್ಲಿ ಬಿದ್ದದ್ದನ್ನು ಎತ್ತಿಕೊಂಡು ಬಂದು, "ಇದು ಯಾವುದರದ್ದು ಆಚಾರ್ರೆ?" ಎಂದು ನನ್ನ ಮುಂದೆ ಇಡುತ್ತಿದ್ದರು. ಗೊತ್ತಿಲ್ಲ ಎಂದರೆ ಅವರಿಗೆ ಖುಷಿ. "ಹಂಗಾದ್ರೆ ಹುಡುಕಣ" ಎನ್ನುತ್ತಿದ್ದರು.

ರಕ್ತ ತೆಗೆಯುವಾಗಲೂ ಪ್ರಶ್ನೆ ಕೇಳುತ್ತಿದ್ದರು. ನನಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಅವರ ಮುಂದೆ ಕೈ ಚಾಚಬೇಕು. ಸೂಜಿ ಹಿಡಿದುಕೊಂಡೇ, "ಆಚಾರ್ರೆ, ಬೋರ್‌ವೆಲ್ ಶಾಫ್ಟು ಯಾಕೆ ಯಾವಾಗ್ಲೂ ಒಂದೇ ಕಡೆ ಸವೆಯುತ್ತೆ?" ಎನ್ನುವರು. ನಾನು ಯೋಚಿಸುವಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತಿತ್ತು. ನೋವು ಮರೆಸುವ ಉಪಾಯ ಇರಬೇಕು ಎಂದುಕೊಂಡಿದ್ದೆ. ಅಷ್ಟೇ ಅಲ್ಲ. ಸಂಜೆ ಲ್ಯಾಬಿನ ಬಾಗಿಲು ಎಳೆದು ರಸ್ತೆ ದಾಟಿ ಬಂದು, "ಶಾಫ್ಟಿಂದು ಹೇಳ್ಲಿಲ್ಲ ನೀವು" ಎಂದು ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದರು.

ಒಮ್ಮೆ ಕಿವಿಗೆ ಸ್ಟೆತಸ್ಕೋಪ್ ಸಿಕ್ಕಿಸಿಕೊಂಡು ಬಂದು ಓಡುತ್ತಿದ್ದ ನನ್ನ ಲೇತಿನ ಮೈಗೆಲ್ಲ ಹಿಡಿದು ನೋಡಿದರು. "ಎಡಗಡೆ ಎದೇಲಿ ಕಫ ಇದೆ" ಎಂದರು. ನಾನು ನಕ್ಕೆ. ವಾರದಲ್ಲಿ ಎಡಗಡೆಯ ಬೇರಿಂಗ್ ಹೋಯಿತು. ಅದಾದ ಮೇಲೆ ಅವರು ನಕ್ಕಿದ್ದು ಬಹಳ ದಿನ ನಡೆಯಿತು.

ಲ್ಯಾಬಿನಲ್ಲಿ ಅವರಿಗೆ ಎರಡು ಪದ್ಧತಿಗಳಿದ್ದವು. ಯಾವ ಪರೀಕ್ಷೆಯನ್ನಾದರೂ ಎರಡು ಸಲ ಮಾಡುತ್ತಿದ್ದರು. "ಒಂದ್ಸಲ ನೋಡಿದ್ರೆ ನಮಗೆ ಬೇಕಾದ್ದು ಕಾಣುತ್ತೆ, ಎರಡನೇ ಸಲ ಇರೋದು ಕಾಣುತ್ತೆ" ಎನ್ನುತ್ತಿದ್ದರು. ಇನ್ನೊಂದು, ಹೆಸರು ಬರೆಯದ ಟ್ಯೂಬನ್ನು ಅವರು ಮುಟ್ಟುತ್ತಿರಲಿಲ್ಲ. ಒಮ್ಮೆ ಕೈವಾರದ ಕಡೆಯ ರೈತರೊಬ್ಬರು ಹೆಂಡತಿಯ ರಕ್ತದ ಟ್ಯೂಬನ್ನು ನರ್ಸಮ್ಮನ ಕೈಲಿ ತೆಗೆಸಿಕೊಂಡು ಜೇಬಲ್ಲಿಟ್ಟು ತಂದಿದ್ದರು. ಮೇಲೆ ಚೀಟಿ ಇರಲಿಲ್ಲ.

"ನಂದೇ ಹೆಂಡ್ತಿದು ಮೇಡಂ, ಬೇರೆಯೋರ್ದು ನಾನ್ಯಾಕೆ ತರ್ಲಿ?"

"ನಿಮಗೆ ಗೊತ್ತು, ನನಗೆ ಗೊತ್ತು. ಟ್ಯೂಬಿಗೆ ಗೊತ್ತಿಲ್ವಲ್ಲಪ್ಪ. ಹೆಸರಿಲ್ಲದ್ದು ಲೆಕ್ಕಕ್ಕಿಲ್ಲ. ಹೆಸರು ಹೇಳಿ."

"ಲಕ್ಷ್ಮಮ್ಮ."

"ಇನಿಶಿಯಲ್ಲು? ಈ ತಾಲ್ಲೂಕಲ್ಲಿ ಲಕ್ಷ್ಮಮ್ಮಂದಿರು ಎಷ್ಟು ಜನ ಇದಾರೆ ಅಂತ ಗೊತ್ತಾ ನಿಮಗೆ?"

ಪಾಪ, ಅವರಿಗೆ ಹೆಂಡತಿಯ ಇನಿಶಿಯಲ್ ಗೊತ್ತಿರಲಿಲ್ಲ. ಮನೆಗೆ ಫೋನ್ ಮಾಡಿ ಕೇಳಿ ಬೈಸಿಕೊಂಡರು.

ಮೇಡಂ ಮದುವೆ ಆಗಿರಲಿಲ್ಲ. ತಾಯಿಯ ಜೊತೆ ಲ್ಯಾಬಿನ ಹಿಂದಿನ ಮನೆಯಲ್ಲಿ ಇದ್ದರು. ಆ ತಾಯಿ ಲ್ಯಾಬಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಬಂದವರಿಗೆಲ್ಲ ಮಗಳ ಕಥೆ ಹೇಳುತ್ತಿದ್ದರು. "ನೋಡಪ್ಪ ಆಚಾರಿ, ಇದನ್ನ ನೋಡಕ್ಕೆ ಗಂಡಿನ ಕಡೆಯೋರು ಜೀಪಲ್ಲಿ ಬಂದಿದ್ರು. ಇದು ಕಾಫಿ ಕೊಟ್ಟಂಗೆ ಮಾಡಿ ಆಚೆ ಹೋಗಿ ಜೀಪಿನ ಬಾನೆಟ್ ಎತ್ತಿಸ್ಕೊಂಡು ನಿಂತಿತ್ತು."

ಒಳಗಿನಿಂದ ಮಗಳು, "ಜೀಪು ಕರೀ ಹೊಗೆ ಬಿಡ್ತಿತ್ತಮ್ಮಾ" ಎಂದರೆ, ತಾಯಿ, "ಆ ಗಂಡೂ ಬಿಡ್ತಿದ್ದ ಬಿಡು, ಒಳ್ಳೇದಾಯ್ತು" ಎನ್ನುತ್ತಿದ್ದರು.

ಅವರ ಹತ್ತಿರ ಹಳೆಯದೊಂದು ಸಣ್ಣ ಪೆಟ್ರೋಲ್ ಕಾರಿತ್ತು. ಊರಿಗೆ ಬರಲಾಗದವರ ರಕ್ತ ತರಲು ಸುತ್ತಲ ಹಳ್ಳಿಗಳಿಗೆ ಅದರಲ್ಲೇ ಹೋಗುತ್ತಿದ್ದರು. ಒಂದು ದಿನ ನಂದಿಯ ಕಡೆ ಏರು ಹತ್ತುವಾಗ ಟೊಮೊಟೊ ಕ್ರೇಟು ತುಂಬಿದ ಪಿಕಪ್ ಗಾಡಿಯೊಂದು ಇವರನ್ನು ಹಿಂದೆ ಹಾಕಿ ಹೋಯಿತಂತೆ. ಬೇರೆಯವರಿಗಾದರೆ ಸಿಟ್ಟು ಬರುತ್ತಿತ್ತು. ಇವರಿಗೆ ಪ್ರಶ್ನೆ ಬಂತು. ನೇರವಾಗಿ ಮೆಕ್ಯಾನಿಕ್ ಖಾದರ್ ಭಾಯ್ ಶೆಡ್ಡಿಗೆ ಹೋದರು. ನಾನೂ ಅಲ್ಲಿ ಯಾವುದೋ ಬುಷ್ ಕೊಡಲು ಹೋಗಿದ್ದೆ.

"ಅಷ್ಟು ಭಾರ ಹೊತ್ಕೊಂಡು ಅದು ಹೆಂಗೆ ಹತ್ತುತ್ತೆ ಭಾಯ್?"

"ಅದ್ಕೆ ಟರ್ಬೋ ಐತೆ ಮೇಡಂ. ಹೊಗೆ ಹೋಗೋ ರಭಸಕ್ಕೆ ಒಂದು ಚಕ್ರ ತಿರುಗ್ತದೆ, ಅದು ಇಂಜಿನ್ನಿಗೆ ಗಾಳಿ ತುರುಕ್ತದೆ."

"ಹಂಗಾದ್ರೆ ನಂದಕ್ಕೂ ಹಾಕಿದ್ರೆ?"

ಖಾದರ್ ಭಾಯ್ ಕಾರನ್ನು ನೋಡಿ ನಕ್ಕರು. "ಇದು ಮುದುಕಿ ಮೇಡಂ. ಮುದುಕಿಗೆ ಓಟದ ಶೂ ಹಾಕಿದ್ರೆ ಮಂಡಿ ಹೋಗ್ತದೆ."

ಮೇಡಂ ತಮ್ಮ ಕಾಲನ್ನು ಮುಂದೆ ಚಾಚಿ ತೋರಿಸಿದರು. "ನಾನು ಹಾಕ್ಕೊಂಡಿಲ್ವಾ?"

ಅಲ್ಲಿಂದ ಶುರುವಾಯಿತು. ಗುಜರಿಗೆ ಬಂದಿದ್ದ ಸಣ್ಣ ಡೀಸೆಲ್ ಕಾರಿನ ಟರ್ಬೋ ಒಂದನ್ನು ಖಾದರ್ ಭಾಯ್ ಹುಡುಕಿ ತಂದರು. ಹೀಗೆಲ್ಲ ಬದಲಾಯಿಸಿದ ಗಾಡಿಯನ್ನು ರಸ್ತೆಗೆ ಬಿಟ್ಟರೆ ಆರ್‌ಟಿಓದವರು ಸುಮ್ಮನಿರುವುದಿಲ್ಲ ಎಂದೂ ಎಚ್ಚರಿಸಿದರು. "ಓಡ್ಸೋದು ಆಮೇಲೆ ಭಾಯ್, ಮೊದ್ಲು ಆಗುತ್ತಾ ನೋಡಣ" ಎಂದರು ಮೇಡಂ. ಮೊಬೈಲಿನಲ್ಲಿ ಯಾವ ಯಾವ ದೇಶದವರೋ ಮಾಡಿದ್ದನ್ನೆಲ್ಲ ನೋಡಿ, ರೋಗಿಗಳು ಇಲ್ಲದ ಹೊತ್ತಿನಲ್ಲಿ ಕೂತು ಲೆಕ್ಕ ಹಾಕಿದರು.

ಒಂದು ಸಂಜೆ ನನ್ನ ಅಂಗಡಿಗೆ ದೊಡ್ಡ ಸಿರಿಂಜು ಹಿಡಿದುಕೊಂಡು ಬಂದರು. ಸೂಜಿ ಇರಲಿಲ್ಲ. ಅದರೊಳಗೆ ಗಾಳಿ ಎಳೆದುಕೊಂಡು ತೂತಿಗೆ ನನ್ನ ಹೆಬ್ಬೆರಳು ಒತ್ತಿಸಿ, "ಈಗ ತಳ್ಳಿ" ಎಂದರು. ತಳ್ಳಿದೆ. ಹೋದಷ್ಟೂ ಗಟ್ಟಿಯಾಗುತ್ತ ಬಂತು.

"ಇಂಜಿನ್ನೂ ಇದೇ ಮಾಡೋದು. ಒಂಬತ್ತೂ ಚಿಲ್ಲರೆ ಪಾಲಿನ ಜಾಗದಲ್ಲಿರೋ ಗಾಳಿ ಪೆಟ್ರೋಲನ್ನ ಒಂದು ಪಾಲಿಗೆ ಹಿಂಡುತ್ತೆ. ಹಿಂಡಿದಾಗ ಬಿಸಿ ಆಗುತ್ತೆ. ಈಗ ಟರ್ಬೋ ಬಂದು ಮೊದ್ಲೇ ಗಾಳಿನ ಒತ್ತಿ ಒತ್ತಿ ತುಂಬಿರುತ್ತೆ ಅಂತಿಟ್ಕೊಳ್ಳಿ. ಅದನ್ನೂ ಅಷ್ಟೇ ಹಿಂಡಿದ್ರೆ?"

"ಇನ್ನೂ ಬಿಸಿ ಆಗ್ತದೆ."

"ಕಿಡಿ ಹಾರೋಕೆ ಮುಂಚೇನೇ ಅದಷ್ಟಕ್ಕದೇ ಹತ್ಕೊಳ್ಳುತ್ತೆ. ಇಂಜಿನ್ ಟಣ ಟಣ ಅಂತ ಒದೆ ತಿನ್ನುತ್ತೆ. ಅದಕ್ಕೇ ಹಿಂಡೋದನ್ನ ಕಮ್ಮಿ ಮಾಡ್ಬೇಕು. ಮೇಲೆ ಸ್ವಲ್ಪ ಜಾಗ ಬಿಡ್ಬೇಕು. ಎಷ್ಟು ಗೊತ್ತಾ? ಒಂದೊಂದು ಪಿಸ್ಟನ್ನಿಗೆ ನಾಲ್ಕೇ ಎಂಎಲ್. ಟೀ ಚಮಚಕ್ಕೂ ಕಮ್ಮಿ. ಇಷ್ಟು ಜಾಗದಲ್ಲಿ ಇಂಜಿನ್ನಿನ ಜೀವ ಇದೆ ಅಂದ್ರೆ ನಂಬ್ತೀರಾ?"

ನಾನು ನಂಬಿದೆ. ಅವರು ಹೇಳಿದರೆ ಯಾರಾದರೂ ನಂಬುತ್ತಿದ್ದರು.

ಖಾದರ್ ಭಾಯ್ ಸುಲಭದ ದಾರಿ ಹೇಳಿದ್ದರು. ಪಿಸ್ಟನ್ನುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನ ಕೆಳಗೆ ದಪ್ಪ ಗ್ಯಾಸ್ಕೆಟ್ ಹಾಳೆ ಹಾಕಿದರೆ ಹೆಡ್ಡು ಎತ್ತರವಾಗುತ್ತದೆ, ಜಾಗ ತಾನಾಗಿ ಸಿಗುತ್ತದೆ. ಮೇಡಂ ಒಪ್ಪಲಿಲ್ಲ. ಪಿಸ್ಟನ್ನಿನ ಅಂಚು ಮೇಲೆ ಬಂದು ಹೆಡ್ಡಿಗೆ ತೀರ ಹತ್ತಿರವಾದಾಗ ಅಲ್ಲಿನ ಗಾಳಿ ನಡುವಿಗೆ ನುಗ್ಗಿ ಎಲ್ಲವನ್ನೂ ಕಲಸುತ್ತದಂತೆ. ಗ್ಯಾಸ್ಕೆಟ್ ದಪ್ಪವಾದರೆ ಆ ಕಲಸಾಟ ನಿಂತುಹೋಗಿ, ತಪ್ಪಿಸಬೇಕೆಂದಿದ್ದ ಒದೆಯೇ ಮತ್ತೆ ಬರುತ್ತದಂತೆ. "ಅಂಚು ಹಂಗೇ ಇರ್ಬೇಕು. ತಲೆ ನಡುವೆ ಮಾತ್ರ ತಟ್ಟೆ ಥರ ಹಳ್ಳ ಬೇಕು. ಅದನ್ನ ಈ ಊರಲ್ಲಿ ಮಾಡೋ ಕೈ ಒಂದೇ ಇರೋದು" ಎಂದು ನನ್ನ ಕಡೆ ನೋಡಿದರು.

ನನಗಾದ ಹೆಮ್ಮೆಯನ್ನು ಮರೆಮಾಚುವುದಿಲ್ಲ. ಅಲ್ಲಿಯವರೆಗೆ ನನ್ನ ಕೆಲಸವನ್ನು ಜನ "ಬೇಗ ಕೊಡ್ತೀರಾ?" ಎಂದು ಕೇಳಿದ್ದರೇ ಹೊರತು ಕೈ ಎಂದು ಯಾರೂ ಹೇಳಿರಲಿಲ್ಲ.

ಪಿಸ್ಟನ್ನಿನ ತಲೆಯ ದಪ್ಪ ಅಳೆದೆ. ಎರಡು ಮಿಲಿಮೀಟರ್ ಹಳ್ಳ ತೆಗೆದರೂ ತಡೆಯುವಷ್ಟಿತ್ತು. ಮೊದಲನೆಯದನ್ನು ಮಾಡಿದೆ, ಎರಡನೆಯದನ್ನು ಮಾಡಿದೆ. ಮೇಡಂ ನಡುನಡುವೆ ರಸ್ತೆ ದಾಟಿ ಬಂದು, ಹೊರಬಿದ್ದ ಅಲ್ಯೂಮಿನಿಯಂ ಸುರುಳಿಗಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಹೋಗುತ್ತಿದ್ದರು.

ಇಲ್ಲಿ ನಮ್ಮ ಕಡೆಯ ಒಂದು ಅಭ್ಯಾಸ ಹೇಳಬೇಕು. ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ. ಅದಕ್ಕೇ ಬೋರ್‌ವೆಲ್ ಇರುವ ರೈತರು ಸ್ಟಾರ್ಟರಿಗೆ ಆಟೋ ಕೂಡಿಸಿಬಿಡುತ್ತಾರೆ. ಕರೆಂಟು ಬಂದ ಕೂಡಲೇ ಮೋಟರು ತಾನಾಗಿ ಓಡುತ್ತದೆ, ತೋಟಕ್ಕೆ ಯಾರೂ ಓಡಬೇಕಿಲ್ಲ. ನಾನು ಆ ಬುದ್ಧಿಯನ್ನು ನನ್ನ ಲೇತಿಗೂ ತಂದಿದ್ದೆ. ಮಂಡಿ ನೋವು, ಪದೇ ಪದೇ ಎದ್ದು ಸ್ವಿಚ್ಚಿನವರೆಗೆ ಹೋಗುವುದು ಬೇಡ ಎಂದು. ನೀರೆತ್ತುವ ಮೋಟರಿಗೆ ಇದು ನಡೆಯುತ್ತದೆ. ಕೊರೆಯುವ ಯಂತ್ರಕ್ಕೆ ನಡೆಯುವುದಿಲ್ಲ. ಕರೆಂಟು ಹೋದ ಕೂಡಲೇ ಕೊರೆಯುವ ಟೂಲನ್ನು ಹಿಂದಕ್ಕೆಳೆದು ಸ್ವಿಚ್ ಆಫ್ ಮಾಡುವುದು ಲೇತಿನವನು ಕಲಿಯುವ ಮೊದಲ ಪಾಠ. ನಾನೇ ಎಷ್ಟೋ ಜನಕ್ಕೆ ಕಲಿಸಿದ್ದೇನೆ.

ಮೂರನೆಯ ಪಿಸ್ಟನ್ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಟೂಲನ್ನು ಹಾಗೇ ಬಿಟ್ಟು ಪಕ್ಕದ ಅಂಗಡಿಗೆ ಟೀ ಕುಡಿಯಲು ಹೋದೆ. ಲೋಟ ತುಟಿಗೆ ಇಡುವಷ್ಟರಲ್ಲಿ ಫ್ಯಾನು ತಿರುಗಿತು. ಆ ಕ್ಷಣವೇ ನನ್ನ ಅಂಗಡಿಯಿಂದ ಕರ್ರೆಂದು ಒಂದು ಸದ್ದು ಬಂತು. ಓಡಿ ಬಂದು ನೋಡಿದರೆ ಟೂಲು ಪಿಸ್ಟನ್ನಿನ ತಲೆಯೊಳಕ್ಕೆ ಕಚ್ಚಿಕೊಂಡು ಒಂದು ಪಕ್ಕ ಆಳವಾಗಿ ತೋಡಿಹಾಕಿತ್ತು. ಬೆರಳಿಟ್ಟು ಮುಟ್ಟಿದೆ. ಅಲ್ಲಿ ಉಳಿದಿದ್ದ ದಪ್ಪ ಏನೇನೂ ಸಾಲದು ಎಂದು ಕೈಗೆ ಗೊತ್ತಾಯಿತು.

ರಸ್ತೆ ದಾಟಿ, "ಮೇಡಂ, ಕೆಟ್ಟುಹೋಯ್ತು, ಇನ್ನೊಂದು ತರಿಸಣ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವರು ಬೈಯುತ್ತಲೂ ಇರಲಿಲ್ಲ. "ಹೆಂಗಾಯ್ತು, ತೋರ್ಸಿ" ಎಂದು ಓಡಿ ಬಂದು ಸ್ಟೂಲ್ ಎಳೆದುಕೊಳ್ಳುತ್ತಿದ್ದರು, ಅಷ್ಟೇ. ಆದರೆ ಈ ಊರಲ್ಲಿ ಒಂದೇ ಕೈ ಎಂದಿದ್ದರಲ್ಲ. ಆ ಕೈ ಟೀ ಕುಡಿಯಲು ಹೋಗಿತ್ತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಪಿಸ್ಟನ್ನನ್ನು ಬಟ್ಟೆ ಚೀಲದಲ್ಲಿ ಸುತ್ತಿಕೊಂಡು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ಚಿಂತಾಮಣಿಯಲ್ಲಿ ಬೆಸುಗೆ ಹಾಕಿಸಿದರೆ ಸುದ್ದಿ ನನಗಿಂತ ಮೊದಲು ಲ್ಯಾಬಿಗೆ ಹೋಗುತ್ತಿತ್ತು. ಚಿಕ್ಕಬಳ್ಳಾಪುರದಲ್ಲಿ ಅಲ್ಯೂಮಿನಿಯಂ ಬೆಸುಗೆ ಹಾಕುವವನೊಬ್ಬನಿದ್ದ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, "ತುಂಬಿಸ್ಕೊಡ್ತೀನಿ ಸಾಮಿ. ಆದ್ರೆ ಇದು ಬೆಂಕಿ ಬೀಳೋ ಜಾಗ. ಬೆಸುಗೆ ಬಿದ್ದ ಕಡೆ ಲೋಹ ಮೆತ್ತಗಾಗುತ್ತೆ. ನಂದಾಗಿದ್ರೆ ಹೊಸದು ಹಾಕ್ತಿದ್ದೆ" ಎಂದ.

"ನೀನು ತುಂಬಪ್ಪ" ಎಂದೆ.

ಮರಳಿ ತಂದು ಲೇತಿಗೆ ಹಾಕಿ, ಉಳಿದವುಗಳ ಹಾಗೇ ಹಳ್ಳ ತೆಗೆದು, ಎಮರಿ ಪೇಪರಿನಿಂದ ತಿಕ್ಕಿದೆ. ನನಗೇ ಬೆಸುಗೆ ಕಾಣದ ಹಾಗೆ ತಿಕ್ಕಿದೆ. ಬದುಕಿನಲ್ಲಿ ನಾನು ಮಾಡಿದ ಅತ್ಯಂತ ನಯವಾದ ಕೆಲಸ ಅದು.

ಅಳತೆಯ ದಿನ ಮೇಡಂ ಹಬ್ಬದ ಹಾಗೆ ಸಿದ್ಧತೆ ಮಾಡಿದ್ದರು. ಹಳ್ಳದ ಸುತ್ತ ಗ್ರೀಸು ಹಚ್ಚಿ, ಮೇಲೆ ತೂತಿರುವ ಗಾಜಿನಂಥ ಪ್ಲಾಸ್ಟಿಕ್ ತಟ್ಟೆ ಮುಚ್ಚಿ, ತೂತಿನೊಳಗೆ ಸಿರಿಂಜಿನಿಂದ ದ್ರವ ಬಿಡಬೇಕು. ಎಷ್ಟು ಎಂಎಲ್ ಹಿಡಿಯಿತೋ ಅಷ್ಟು ಜಾಗ. ಚೆನ್ನಾಗಿ ಕಾಣಲಿ ಎಂದು ಲ್ಯಾಬಿನ ಕೆಂಪು ಬಣ್ಣ ಬೆರೆಸಿದ್ದರು. ಗುಲಾಬಿ ಬಣ್ಣದ ನೀರು ಹಳ್ಳದ ತುಂಬ ಹರಡಿ ಕೊನೆಯ ಗುಳ್ಳೆಯೂ ಹೊರಬರುವುದನ್ನು ಅವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಮೊದಲನೆಯದು, ಎರಡನೆಯದು, ಮೂರನೆಯದು, ನಾಲ್ಕನೆಯದು. ಒರೆಸಿ, ಮತ್ತೆ ಮೊದಲಿನಿಂದ.

"ನಾಲ್ಕೂ ಒಂದೇ ಸಮ! ಅಮ್ಮಾ, ಇಲ್ಲಿ ಬಂದು ನೋಡು, ಆಚಾರ್ರ ಕೈ ಅಂದ್ರೆ ಇದು. ನನ್ನ ಸಿರಿಂಜಿನ ಗೆರೆ ಅಲ್ಲಾಡಬಹುದು, ಇವರ ಕೈ ಅಲ್ಲಾಡಲ್ಲ."

ತಾಯಿ ಬಾಗಿಲಿಂದಲೇ, "ಒಸಿ ರಕ್ತ ತೆಗೆಯೋ ಕೆಲಸಾನೂ ಅವನಿಗೇ ಕೊಡು, ನೀನು ಬಂದು ಸಾರು ಮಾಡು" ಎಂದರು.

"ತೊಂದ್ರೆ ಏನೂ ಆಗ್ಲಿಲ್ವಾ ಆಚಾರ್ರೆ?" ಎಂದು ಮೇಡಂ ಕೇಳಿದರು.

"ಬೆಣ್ಣೆ ಕತ್ತರಿಸ್ದಂಗೆ ಆಯ್ತು ಮೇಡಂ" ಎಂದೆ.

ಜಾಗ ಎಷ್ಟಿದೆ ಎಂದು ಸಿರಿಂಜು ಹೇಳುತ್ತದೆ. ಜಾಗದ ಕೆಳಗೆ ಏನಿದೆ ಎಂದು ಹೇಳುವುದಿಲ್ಲ. ಅವರ ಅಳತೆಯಲ್ಲಿ ಯಾವ ದೋಷವೂ ಇರಲಿಲ್ಲ.

ಖಾದರ್ ಭಾಯ್ ಎಲ್ಲ ಜೋಡಿಸಿದರು. ಪೆಟ್ರೋಲ್ ಹೆಚ್ಚು ಕೊಡುವುದು, ಕಿಡಿ ಹಾರುವ ಹೊತ್ತನ್ನು ಸ್ವಲ್ಪ ತಡಮಾಡುವುದು, ಎಲ್ಲವನ್ನೂ ಮೇಡಂ ಹೇಳಿದ ಲೆಕ್ಕದಂತೆಯೇ ಮಾಡಿದರು. ಚಿಕ್ಕಬಳ್ಳಾಪುರದ ಆಚೆ, ಸ್ಕಂದಗಿರಿ ಕಾಣುವ ಕಡೆ, ಮನೆಯೇ ಇಲ್ಲದ ಒಂದು ಲೇಔಟ್ ಇತ್ತು. ಕಮಾನು, ಡಾಂಬರು ರಸ್ತೆ, ಬೀದಿ ದೀಪದ ಕಂಬ ಎಲ್ಲ ಇತ್ತು. ಸೈಟುಗಳಲ್ಲಿ ಕುರಿ ಮೇಯುತ್ತಿದ್ದವು. ಅಲ್ಲಿ ಮೊದಲ ಸಲ ಓಡಿಸಿದರು. ಆಕ್ಸಿಲರೇಟರ್ ಒತ್ತಿದಾಗ ಒಳಗಿನಿಂದ ಒಂದು ಸಿಳ್ಳೆ ಎದ್ದಿತು. ಕಾರು ಹಿಂದಿನಿಂದ ಯಾರೋ ದೂಡಿದಂತೆ ಮುಂದಕ್ಕೆ ಹಾರಿತು. ಮೇಡಂ ಕೂಗಿದ ಕೂಗಿಗೆ ಕುರಿಗಳೆಲ್ಲ ಚದುರಿಹೋದವು. "ಕೇಳಿಸ್ತಾ? ಉಸಿರು ಕೇಳಿಸ್ತಾ?" ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳುತ್ತಿದ್ದರು. ಕುರಿಯವರು ಬೈಯುತ್ತಿದ್ದರು. ಖಾದರ್ ಭಾಯ್ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದೆ. ಬೆಸುಗೆ ತಡೆಯುತ್ತದೆ ಎಂದು ಆ ಹೊತ್ತಿಗೆ ನಾನು ನಿಜವಾಗಿಯೂ ನಂಬಿದ್ದೆ.

ಕೆಲವು ವಾರ ತಡೆಯಿತು. ಆಮೇಲೆ ಒಂದು ಬೆಳಗ್ಗೆ ಮೇಡಂ, "ಟೊಮೊಟೊ ಪಿಕಪ್ ನನ್ನ ಹಿಂದೆ ಹಾಕಿದ ಏರು ನೋಡಣ ಬನ್ನಿ" ಎಂದು ನನ್ನನ್ನು ಕೂರಿಸಿಕೊಂಡು ನಂದಿಯ ಕಡೆ ಹೊರಟರು. ಏರು ಅರ್ಧ ಹತ್ತಿದ್ದೆವು. ಸಿಳ್ಳೆ ಒಂದೇ ಸಮ ಬರುತ್ತಿತ್ತು. ಮೇಡಂ ಏನೋ ಹೇಳಲು ನನ್ನ ಕಡೆ ತಿರುಗಿದರು. ಆಗ ಟಪ್ ಎಂದಿತು. ಆಮೇಲೆ ಡಬ್ಬದೊಳಗೆ ಕಲ್ಲು ಹಾಕಿ ಕುಲುಕಿದ ಸದ್ದು. ಹಿಂದೆ ನೀಲಿ ಹೊಗೆ ರಸ್ತೆ ತುಂಬಿತು. ಬೆಟ್ಟ ನೋಡಲು ಬಂದವರು ಬೈಕು ನಿಲ್ಲಿಸಿ ಫೋಟೋ ತೆಗೆದುಕೊಂಡರು. ಮೇಡಂ ಇಳಿದು, ಹೊಗೆಯ ನಡುವೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು, ಜ್ವರ ನೋಡುವವರ ಹಾಗೆ.

ಖಾದರ್ ಭಾಯ್ ಹೆಡ್ ಬಿಚ್ಚಿದಾಗ ನಾವು ಮೂವರೂ ಬಗ್ಗಿ ನೋಡಿದೆವು. ಮೂರನೆಯ ಪಿಸ್ಟನ್ನಿನ ತಲೆಯಲ್ಲಿ ರೂಪಾಯಿ ಅಗಲದ ತೂತು. ಬೆಸುಗೆ ತುಂಬಿದ ಜಾಗವೇ ಕಿತ್ತುಹೋಗಿತ್ತು. ಉಳಿದ ಮೂರೂ ಹೊಸದರ ಹಾಗೆ ಇದ್ದವು.

"ಕಿಡಿ ಟೈಮಿಂಗು ಹೆಚ್ಚುಕಮ್ಮಿ ಆಗಿರ್ಬೇಕು" ಎಂದರು ಖಾದರ್ ಭಾಯ್. ಅವರಿಗೂ ಖಾತ್ರಿ ಇರಲಿಲ್ಲ. ತಲೆ ಕೆರೆದುಕೊಳ್ಳುತ್ತಿದ್ದರು.

ಮೇಡಂ ನನ್ನ ಕಡೆ ನೋಡಿದರು. "ನಿಮಗೇನನ್ಸುತ್ತೆ ಆಚಾರ್ರೆ?"

ಆಗ ನಾನು ಹೇಳಿದ ಮಾತನ್ನು ಇಲ್ಲಿ ಹಾಗೇ ಬರೆಯುತ್ತೇನೆ. "ಲೆಕ್ಕ ಎಲ್ಲೋ ತಪ್ಪಿರ್ಬೇಕು ಮೇಡಂ."

ಸುಮ್ಮನಿದ್ದಿದ್ದರೆ ಅದೊಂದು ತಪ್ಪಾಗುತ್ತಿತ್ತು. ನಾನು ಸುಮ್ಮನಿರಲಿಲ್ಲ. ನನ್ನ ಕೈಯನ್ನು ಉಳಿಸಿಕೊಳ್ಳಲು ಅವರ ಕೈಯನ್ನು ತೋರಿಸಿದೆ.

"ಎರಡ್ಸಲ ನೋಡಿದ್ನಲ್ಲ" ಎಂದರು, ತಮಗೇ ಹೇಳಿಕೊಳ್ಳುವ ಹಾಗೆ.

ಕಾರಿಗೆ ಹಳೆಯ ರೀತಿಯ ಪಿಸ್ಟನ್ನುಗಳೇ ಬಂದವು. ಟರ್ಬೋ ಲ್ಯಾಬಿನ ಬಾಗಿಲು ಗಾಳಿಗೆ ಮುಚ್ಚದಂತೆ ಒತ್ತಿಡುವ ವಸ್ತುವಾಯಿತು. ತೂತು ಬಿದ್ದ ಪಿಸ್ಟನ್ ಮಾತ್ರ ಮೈಕ್ರೋಸ್ಕೋಪಿನ ಪಕ್ಕದಲ್ಲಿ ಇರುತ್ತಿತ್ತು. ತಿಂಗಳಿಗೊಮ್ಮೆ ನಾನು ಕೈ ಚಾಚಿದಾಗ ಪ್ರಶ್ನೆ ಈಗ ಒಂದೇ. "ಮೂರನೇದೇ ಯಾಕೆ ಆಚಾರ್ರೆ? ಲೆಕ್ಕ ತಪ್ಪಿದ್ರೆ ನಾಲ್ಕಕ್ಕೂ ತಪ್ಪಬೇಕಲ್ವಾ? ಅದಕ್ಕೊಂದಕ್ಕೇ ಪೆಟ್ರೋಲ್ ಕಮ್ಮಿ ಹೋಯ್ತಾ? ಅಲ್ಲೊಂದು ಕಡೇನೇ ತಂಪು ಮಾಡೋ ನೀರು ಸುತ್ತಲಿಲ್ವಾ?" ಪ್ರತಿ ತಿಂಗಳೂ ಒಂದು ಹೊಸ ಅನುಮಾನ ಹೊತ್ತು ಬರುತ್ತಿದ್ದರು. ಅದನ್ನು ಪರೀಕ್ಷಿಸಿ ನೋಡಿ, ಅಲ್ಲ ಎಂದು ತಿಳಿದು, ಇನ್ನೊಂದಕ್ಕೆ ಹೋಗುತ್ತಿದ್ದರು. ಬಿದ್ದುಹೋದ ಪ್ರತಿಯೊಂದು ಅನುಮಾನವೂ ಅವರನ್ನು ಉತ್ತರದ ಹತ್ತಿರ ತರುತ್ತಿತ್ತು. ಆ ಉತ್ತರ ಅವರ ಮುಂದೆಯೇ ತೋಳು ಮಡಚಿ ಹತ್ತಿ ಒತ್ತಿಕೊಂಡು ಕೂತಿರುತ್ತಿತ್ತು. ಅವರು ನನ್ನನ್ನು ಒಮ್ಮೆಯೂ ಅನುಮಾನಿಸಲಿಲ್ಲ.

ಬದಲಾಗಿ ತಮ್ಮನ್ನೇ ಅನುಮಾನಿಸಿಕೊಂಡರು. ಒಂದು ದಿನ ನನ್ನ ರಕ್ತ ತೆಗೆದು, ನೋಡಿ, ಮತ್ತೆ ನೋಡಿ, "ಇನ್ನೊಂದ್ಸಲ ಚುಚ್ಲಾ?" ಎಂದರು. ಆ ಹೆಂಗಸು ಆ ಮಾತು ಆಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಎರಡು ಸಲದ ಪದ್ಧತಿ ಮೂರಾಯಿತು. ಸಂಜೆಗೆ ಸಿಗುತ್ತಿದ್ದ ರಿಪೋರ್ಟು ಮಾರನೆಯ ದಿನಕ್ಕೆ ಹೋಯಿತು. "ಯಾಕಿಷ್ಟು ಹೊತ್ತು ಮೇಡಂ?" ಎಂದು ಜನ ಗೊಣಗಿದರು. ಬಸ್ ಸ್ಟ್ಯಾಂಡಿನ ಕಡೆ ಹೊಸ ಲ್ಯಾಬು ಬಂದಿತ್ತು. ಅಲ್ಲಿ ಎಲ್ಲವನ್ನೂ ಯಂತ್ರವೇ ಮಾಡುತ್ತಿತ್ತು. ಜನ ಅಲ್ಲಿಗೆ ಹೋದದ್ದು ಯಂತ್ರಕ್ಕೋ, ಮೇಡಂ ತಡಮಾಡಿದ್ದಕ್ಕೋ ನಾನು ಹೇಳಲಾರೆ. ಪೂರ್ತಿ ನನ್ನಿಂದಲೇ ಎಂದುಕೊಳ್ಳುವುದೂ ಒಂದು ಥರದ ಜಂಬ. ಆದರೆ ಇನ್ನೊಂದ್ಸಲ ಚುಚ್ಲಾ ಎಂದ ಆ ದನಿ ನನ್ನಿಂದಲೇ ಬಂದದ್ದು.

ಆಮೇಲೆ ಒಂದು ಸಂಜೆ ಪಿಸ್ಟನ್ ಹಿಡಿದುಕೊಂಡು ರಸ್ತೆ ದಾಟಿ ಬಂದರು. ಬಹಳ ದಿನದ ಮೇಲೆ ಕಣ್ಣಲ್ಲಿ ಹಳೆಯ ಹೊಳಪಿತ್ತು.

"ಇದನ್ನ ಅಡ್ಡಕ್ಕೆ ಕೊಯ್ದು ಕೊಡಿ ಆಚಾರ್ರೆ. ಒಳಗಡೆ ನೋಡೇ ಇಲ್ಲ ನಾವು! ಕೊಯ್ದ ಮುಖ ನಯವಾಗಿ ಉಜ್ಜಿ ಕಾಸ್ಟಿಕ್ ಸೋಡಾ ನೀರು ಹಚ್ಚಿದ್ರೆ, ಎರಕದಲ್ಲಿ ದೋಷ ಇದ್ರೆ ಅಲ್ಲಿ ಬಣ್ಣ ಬೇರೆ ಕಾಣುತ್ತಂತೆ. ಕಂಪನಿಯೋರ ಎರಕದ್ದೇ ತಪ್ಪಿದ್ರೆ? ನನ್ನ ಲೆಕ್ಕದ್ದಲ್ದೇ ಇದ್ರೆ?"

ನನ್ನ ಲೆಕ್ಕದ್ದಲ್ದೇ ಇದ್ರೆ ಎಂದಾಗ ಅವರ ಮುಖ ನೋಡಲಾಗಲಿಲ್ಲ. ನಾಳೆ ಮಾಡ್ತೀನಿ ಎಂದು ಇಟ್ಟುಕೊಂಡೆ. ಎರಡು ದಿನ ಬಿಟ್ಟು ಕೇಳಿದರು. ಗುಜರಿಯವನು ಬಂದಾಗ ಹಳೇ ಸಾಮಾನಿನ ಜೊತೆ ಹೋಗಿಬಿಟ್ಟಿದೆ ಎಂದೆ.

ಮೇಡಂ ಸ್ಟೂಲ್ ಎಳೆದುಕೊಂಡು ಕೂತರು. ಆಮೇಲೆ ನಕ್ಕರು. "ನಮ್ ಲ್ಯಾಬಲ್ಲಿ ಸ್ಯಾಂಪಲ್ ಕಳೆದ್ರೆ ಮತ್ತೆ ಚುಚ್ಚಿ ತೆಗೀತೀವಿ. ಇದನ್ನ ಎಲ್ಲಿ ಚುಚ್ಚೋದು ಆಚಾರ್ರೆ?"

ಅದು ಗುಜರಿಗೆ ಹೋಗಿರಲಿಲ್ಲ. ನನ್ನ ಟೂಲಿನ ಪೆಟ್ಟಿಗೆಯ ತಳದಲ್ಲಿತ್ತು. ಬಿಸಾಡುವ ಧೈರ್ಯವೂ ನನಗೆ ಇರಲಿಲ್ಲ.

ತಾಯಿ ತೀರಿಕೊಂಡ ಮೇಲೆ ಮೇಡಂ ಲ್ಯಾಬು ಮುಚ್ಚಿ ಗೌರಿಬಿದನೂರಿಗೆ ತಂಗಿಯ ಮನೆಗೆ ಹೊರಟರು. ಸಾಮಾನು ತುಂಬಿದ ಗಾಡಿ ಮುಂದೆ ಹೋಯಿತು. ಅವರು ಅದೇ ಹಳೆಯ ಕಾರಿನಲ್ಲಿ ಕೂತು, ಇಂಜಿನ್ ಚಾಲೂ ಮಾಡಿ, ಅದರ ಸದ್ದನ್ನು ಒಂದು ಗಳಿಗೆ ತಲೆ ವಾರೆ ಮಾಡಿ ಕೇಳಿದರು. ಆಮೇಲೆ ಕಿಟಕಿಯಿಂದ ನನ್ನನ್ನು ಕರೆದರು. ಸಿಹಿ ತಿನ್ನಬೇಡಿ ಎಂದು ಹೇಳುತ್ತಾರೆ ಎಂದುಕೊಂಡೆ.

"ಮೂರನೇದೇ ಯಾಕೆ ಅಂತ ಗೊತ್ತಾದ್ರೆ ಫೋನ್ ಮಾಡಿ" ಎಂದರು.

ಅವರ ನಂಬರು ನನ್ನ ಹತ್ತಿರ ಇತ್ತು. ಯುಗಾದಿಗೆ, ಗೌರಿ ಹಬ್ಬಕ್ಕೆ ಫೋನ್ ಮಾಡಿದ್ದೇನೆ. ಸಕ್ಕರೆ ಎಷ್ಟಿದೆ ಎಂದು ಕೇಳುವರು, ಹೇಳುತ್ತಿದ್ದೆ. ಮತ್ತೇನಾದ್ರೂ ವಿಶೇಷ ಎಂದು ಕೇಳುವರು. ಏನಿಲ್ಲ ಮೇಡಂ ಎನ್ನುತ್ತಿದ್ದೆ.

ತಂಗಿಯ ಫೋನು ಬಂದ ಮಾರನೆಯ ದಿನ ನಾನು ಅಂಗಡಿಗೆ ಹೋದೆ. ಈಗ ಅದನ್ನು ಬೇರೆಯವರು ನಡೆಸುತ್ತಾರೆ, ಆದರೆ ಹಳೆಯ ಲೇತಿಗೆ ನನ್ನನ್ನು ಬಿಡುತ್ತಾರೆ. ಮೊದಲು ಸ್ಟಾರ್ಟರ್ ನೋಡಿದೆ. ಆಟೋ ಯಾವತ್ತೋ ಕಿತ್ತುಹಾಕಿದ್ದಾರೆ. ಪೆಟ್ಟಿಗೆಯ ತಳದಿಂದ ಪಿಸ್ಟನ್ ತೆಗೆದು, ಅವರು ಹೇಳಿದ ಹಾಗೆ ಅಡ್ಡಕ್ಕೆ ಕೊಯ್ದೆ. ಕೊಯ್ದ ಮುಖವನ್ನು ಉಜ್ಜಿದೆ. ಕಾಸ್ಟಿಕ್ ಸೋಡಾ ನೀರು ಹಚ್ಚಿ ಕಾದೆ. ಸಣ್ಣ ಗುಳ್ಳೆ ಎದ್ದವು. ತೊಳೆದು ಬೆಳಕಿಗೆ ಹಿಡಿದೆ. ಮೈಯೆಲ್ಲ ಒಂದು ಬೂದು ಬಣ್ಣ. ತೂತಿನ ಅಂಚಿನಲ್ಲಿ ಉಳಿದಿದ್ದ ಒಂದು ಚೂರು ಮಾತ್ರ ಬೇರೆ ಬಣ್ಣ. ನಡುವೆ ಗೆರೆ ಎಳೆದಂತೆ ಸ್ಪಷ್ಟ. ಎಷ್ಟು ಚೆನ್ನಾಗಿ ಕಾಣುತ್ತಿತ್ತು ಎಂದರೆ, ತೋರಿಸಲು ನಾನು ರಸ್ತೆಯ ಆಚೆಗೆ ತಿರುಗಿದೆ. ಅಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ.

ಒರೆಸಿ, ಮತ್ತೆ ಉಜ್ಜಿ, ಎರಡನೇ ಸಲವೂ ನೋಡಿದೆ.

ಇಷ್ಟು ಹೊತ್ತೂ ಅವರನ್ನು ಲ್ಯಾಬ್ ಮೇಡಂ ಎಂದೇ ಬರೆದೆ. ಹೆಸರಿಲ್ಲದೆ ತಪ್ಪೊಪ್ಪಿಕೊಳ್ಳುವುದು ನನಗೆ ಹಗುರವಾಗಿತ್ತು. ಆದರೆ ಚೀಟಿ ಇಲ್ಲದ್ದನ್ನು ಅವರು ಮುಟ್ಟುತ್ತಿರಲಿಲ್ಲ. ಹಾಗಾಗಿ ಚೀಟಿ ಅಂಟಿಸುತ್ತೇನೆ. ಸ್ಯಾಂಪಲ್, ಮೂರನೆಯ ಪಿಸ್ಟನ್. ಎರಕದಲ್ಲಿ ದೋಷವಿಲ್ಲ, ಲೆಕ್ಕದಲ್ಲಿ ದೋಷವಿಲ್ಲ, ಅಳತೆ ಎರಡು ಸಲವೂ ಸರಿ. ತಲೆಯಲ್ಲಿ ಬೆಸುಗೆ ಇದೆ, ಹಾಕಿಸಿದವನು ಎದುರಂಗಡಿಯ ಆಚಾರಿ. ಪರೀಕ್ಷೆ ಕೇಳಿದವರ ಹೆಸರು, ಇನಿಶಿಯಲ್ ಸಮೇತ, ಎಂ. ಪ್ರಭಾವತಿ.